ವಿಮಾನ ನಿಲ್ದಾಣಕ್ಕೆ ಹಾದಿಗಳಿವೆ, ಕೊಂಡಿಗಳಿಗೆ ವಾರಸುದಾರರಿಲ್ಲ: ಭೂಸಾರಿಗೆ ಪ್ರಾಧಿಕಾರಕ್ಕೆ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರಿಗೆ,
ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರ,
ಬೆಂಗಳೂರು.

ವಿಷಯ: ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಈಗಿರುವ ಮತ್ತು ಮುಂದೆ ಬರಲಿರುವ ಸಾರ್ವಜನಿಕ ಸಾರಿಗೆಗಳನ್ನು ಒಂದಕ್ಕೊಂದು ಜೋಡಿಸುವ ಕುರಿತು.

ಮಾನ್ಯರೇ,

ದೇವನಹಳ್ಳಿ ಬಳಿಯ ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ಕೆಲಸ ಆರಂಭಿಸಿದಾಗ ಹಳೆಯ ಎಚ್‌ಎಎಲ್ ನಿಲ್ದಾಣದಿಂದ ಪ್ರಯಾಣಿಕ ವಿಮಾನಗಳ ಹಾರಾಟ ನಿಂತಿತು. ಊರೊಳಗೆ ಇದ್ದದ್ದು ಊರಾಚೆ, ನಗರದ ನಡುಭಾಗದಿಂದ ಸುಮಾರು 35 ಕಿ.ಮೀ. ದೂರಕ್ಕೆ ಹೋಯಿತು. ಅಂದು ಅಲ್ಲಿಗೆ ತಲುಪಲು ನಂಬಿಕೊಳ್ಳಬಹುದಾಗಿದ್ದ ದಾರಿಯೆಂದರೆ ಬಳ್ಳಾರಿ ರಸ್ತೆಯೊಂದೇ. ಆಮೇಲೆ ಆ ರಸ್ತೆಗೆ ಮೇಲ್ಸೇತುವೆಗಳು ಬಂದವು, ಸಾದಹಳ್ಳಿಯಲ್ಲಿ ಟೋಲ್ ಬಂತು, 2022ರ ನವೆಂಬರ್‌ನಲ್ಲಿ ಎರಡನೆಯ ಟರ್ಮಿನಲ್ ಉದ್ಘಾಟನೆಯಾಯಿತು, 2024-25ರಲ್ಲಿ ಒಂದೇ ವರ್ಷಕ್ಕೆ ಪ್ರಯಾಣಿಕರ ಸಂಖ್ಯೆ ನಾಲ್ಕು ಕೋಟಿಯನ್ನು ದಾಟಿತು. ಇಷ್ಟೆಲ್ಲ ಆದರೂ ಬಹುಪಾಲು ಜನ ಇಂದಿಗೂ ಅದೇ ರಸ್ತೆಯಲ್ಲಿ, ಅದೇ ಹೆಬ್ಬಾಳದ ಕುತ್ತಿಗೆಯನ್ನು ದಾಟಿಕೊಂಡು, ಬಾಡಿಗೆ ಕಾರಿನಲ್ಲೋ ಸ್ವಂತ ಕಾರಿನಲ್ಲೋ ಹೋಗುತ್ತಿದ್ದಾರೆ.

ಈ ಪತ್ರವನ್ನು ಮೆಟ್ರೋ ನಿಗಮಕ್ಕೋ ಬಿಎಂಟಿಸಿಗೋ ಬರೆಯದೆ ತಮಗೆ ಬರೆಯುತ್ತಿರುವುದಕ್ಕೆ ಕಾರಣವಿದೆ. ವಿಮಾನ ನಿಲ್ದಾಣದ ದಾರಿಯಲ್ಲಿ ಮೆಟ್ರೋ ಹಳಿ ಹಾಕುತ್ತಿರುವುದು ಬಿಎಂಆರ್‌ಸಿಎಲ್; ನಗರದಿಂದ ವಿಮಾನ ನಿಲ್ದಾಣಕ್ಕೆ ವಾಯು ವಜ್ರ ಬಸ್ಸು ಓಡಿಸುವುದು ಬಿಎಂಟಿಸಿ; ಮೈಸೂರಿನ ಕಡೆಗೆ ಫ್ಲೈ ಬಸ್ ಓಡಿಸುವುದು ಕೆಎಸ್‌ಆರ್‌ಟಿಸಿ; ಯಲಹಂಕದಿಂದ ಚಿಕ್ಕಬಳ್ಳಾಪುರದ ಕಡೆ ಹೋಗುವ ರೈಲು ನೈಋತ್ಯ ರೈಲ್ವೆಯದು; ಉಪನಗರ ರೈಲಿನ ಹೊಣೆ ಕೆ-ರೈಡ್‌ನದು; ಹೆದ್ದಾರಿ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ್ದು; ನಿಲ್ದಾಣದ ಆವರಣ ಅದನ್ನು ನಡೆಸುವ ಬಿಐಎಎಲ್ ಕಂಪನಿಯದು. ಪ್ರತಿಯೊಬ್ಬರೂ ತಮ್ಮ ತಮ್ಮ ಮಾರ್ಗದ ಮಟ್ಟಿಗೆ ಕೆಲಸ ಮಾಡುತ್ತಿದ್ದಾರೆ, ಕೆಲವರು ಚೆನ್ನಾಗಿಯೇ ಮಾಡುತ್ತಿದ್ದಾರೆ. ಆದರೆ ರೈಲು ಇಳಿದವನು ಬಸ್ಸು ಹತ್ತುವ ಜಾಗ, ಬಸ್ಸು ಇಳಿದವನು ಮೆಟ್ರೋ ಸೇರುವ ದಾರಿ, ಒಬ್ಬರ ಕೊನೆಯ ಗಾಡಿಗೂ ಇನ್ನೊಬ್ಬರ ಮೊದಲ ಗಾಡಿಗೂ ನಡುವೆ ಉಳಿಯುವ ಗಂಟೆಗಳು, ಇವುಗಳನ್ನು ತನ್ನದೆಂದು ಹೇಳುವ ಕಚೇರಿ ಇಲ್ಲ. 2022ರಲ್ಲಿ ಶಾಸಕಾಂಗ ಭೂಸಾರಿಗೆ ಪ್ರಾಧಿಕಾರದ ಕಾನೂನನ್ನು ಅಂಗೀಕರಿಸಿದ್ದು ಈ ಕೊರತೆಯನ್ನು ತುಂಬುವುದಕ್ಕಾಗಿ ಎಂದು ನಾವು ತಿಳಿದಿದ್ದೇವೆ. ವಿಮಾನ ನಿಲ್ದಾಣದ ಸಂಪರ್ಕವು ಆ ಕಾನೂನಿನ ಮೊದಲ ಪರೀಕ್ಷೆಯಾಗಲಿ ಎಂಬುದು ಈ ಪತ್ರದ ಒಟ್ಟು ಕೋರಿಕೆ.

ಮೊದಲು ಮೆಟ್ರೋದ ನೀಲಿ ಮಾರ್ಗದ ಮಾತು. ಸೆಂಟ್ರಲ್ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರ, ಅಲ್ಲಿಂದ ನಾಗವಾರ, ಹೆಬ್ಬಾಳ, ಯಲಹಂಕಗಳ ಮೂಲಕ ವಿಮಾನ ನಿಲ್ದಾಣದವರೆಗಿನ ಸುಮಾರು 58 ಕಿ.ಮೀ. ಉದ್ದದ ಈ ಮಾರ್ಗಕ್ಕೆ ಕೇಂದ್ರ ಸಂಪುಟ 2021ರ ಏಪ್ರಿಲ್‌ನಲ್ಲಿ 14,788 ಕೋಟಿ ರೂಪಾಯಿ ಅಂದಾಜಿನಲ್ಲಿ ಒಪ್ಪಿಗೆ ನೀಡಿತು. ಅಂದು ಹೇಳಿದ ಗಡುವುಗಳು ಮೀರಿವೆ. 2023ರ ಜನವರಿಯಲ್ಲಿ ನಾಗವಾರದ ಹತ್ತಿರ ಕಂಬದ ಕಬ್ಬಿಣದ ಚೌಕಟ್ಟು ರಸ್ತೆಗೆ ಉರುಳಿ ತಾಯಿ ಮತ್ತು ಪುಟ್ಟ ಮಗು ತೀರಿಕೊಂಡದ್ದನ್ನು ಈ ನಗರ ಮರೆತಿಲ್ಲ. ಬೇಗ ಮುಗಿಸಿ ಎಂದು ಒತ್ತಾಯಿಸುವವರು ಆ ಘಟನೆಯನ್ನೂ ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಆದ್ದರಿಂದ ತಡವಾಯಿತು ಎಂಬ ದೂರನ್ನು ಇಲ್ಲಿ ಬೆಳೆಸುವುದಿಲ್ಲ. ನಮ್ಮ ಚಿಂತೆ ಬೇರೆ. ನೀಲಿ ಮಾರ್ಗ ಬಂದ ದಿನ ವಿಮಾನ ನಿಲ್ದಾಣದ ಸಂಪರ್ಕದ ಪ್ರಶ್ನೆ ಮುಗಿಯಿತು ಎಂದು ಎಲ್ಲ ಇಲಾಖೆಗಳೂ ಕಡತ ಮುಚ್ಚಿಬಿಡುವ ಸಾಧ್ಯತೆ ಕಾಣುತ್ತಿದೆ.

ನಕ್ಷೆಯನ್ನು ಎದುರಿಗೆ ಇಟ್ಟುಕೊಂಡು ನೋಡಿದರೆ ಈ ಮಾರ್ಗ ಯಾರಿಗೆ ಅನುಕೂಲ ಎಂಬುದು ತಿಳಿಯುತ್ತದೆ. ಹೊರವರ್ತುಲ ರಸ್ತೆಯ ಐಟಿ ಕಚೇರಿಗಳು, ಮಾರತ್‌ಹಳ್ಳಿ, ಕೆ.ಆರ್. ಪುರ, ಕಲ್ಯಾಣನಗರ, ಹೆಬ್ಬಾಳ ಇವಕ್ಕೆಲ್ಲ ಅದು ನೇರ ದಾರಿ. ವಿಜಯನಗರ, ರಾಜಾಜಿನಗರ, ಮಲ್ಲೇಶ್ವರ, ಬಸವನಗುಡಿ, ಚಾಮರಾಜಪೇಟೆಯವರಿಗೆ ಹಾಗಲ್ಲ. ರಾಜ್ಯದ ಯಾವ ಮೂಲೆಯಿಂದ ಬಂದವರೂ ಇಳಿಯುವ ಮೆಜೆಸ್ಟಿಕ್ ಅನ್ನು ನೀಲಿ ಮಾರ್ಗ ಮುಟ್ಟುವುದೇ ಇಲ್ಲ. ಮೆಜೆಸ್ಟಿಕ್‌ನಿಂದ ಮೆಟ್ರೋದಲ್ಲೇ ಹೋಗಬೇಕೆಂದರೆ ಒಂದೋ ನೇರಳೆ ಮಾರ್ಗದಲ್ಲಿ ಪೂರ್ವಕ್ಕೆ ಕೆ.ಆರ್. ಪುರದವರೆಗೆ ಸಾಗಿ ಅಲ್ಲಿ ಬದಲಿಸಬೇಕು, ಇಲ್ಲವೇ ಎಂ.ಜಿ. ರಸ್ತೆಯಲ್ಲಿ ಗುಲಾಬಿ ಮಾರ್ಗಕ್ಕೆ ಇಳಿದು, ನಾಗವಾರದಲ್ಲಿ ಸುರಂಗದಿಂದ ಮೇಲಕ್ಕೆ ಹತ್ತಿ ನೀಲಿ ಮಾರ್ಗ ಹಿಡಿಯಬೇಕು. ಕಚೇರಿಗೆ ಹೋಗುವ ಮನುಷ್ಯ ಹೆಗಲಿಗೆ ಚೀಲ ಹಾಕಿಕೊಂಡು ಎರಡು ಬಾರಿ ಗಾಡಿ ಬದಲಿಸುವುದು ಒಂದು ಸಂಗತಿ. ದುಬೈಗೆ ಮಗಳ ಬಾಣಂತನಕ್ಕೆಂದು ಹೊರಟ ಹಿರಿಯ ದಂಪತಿಗಳು ಚಕ್ಲಿ ನಿಪ್ಪಟ್ಟಿನ ಡಬ್ಬಗಳ ಸಮೇತ ಎರಡು ದೊಡ್ಡ ಪೆಟ್ಟಿಗೆ ಎಳೆದುಕೊಂಡು ಬದಲಿಸುವುದು ಮತ್ತೊಂದು. ನಾಗವಾರದ ಲಿಫ್ಟುಗಳು ಎಷ್ಟು ದೊಡ್ಡವು, ಎಷ್ಟಿವೆ, ಒಂದು ಕೆಟ್ಟು ನಿಂತರೆ ಇನ್ನೊಂದು ಇದೆಯೇ ಎಂಬುದನ್ನು ಮಾರ್ಗ ತೆರೆಯುವ ಮೊದಲೇ ಪ್ರಾಧಿಕಾರ ಖುದ್ದಾಗಿ ಪರಿಶೀಲಿಸಬೇಕು.

ಮೆಜೆಸ್ಟಿಕ್‌ನಿಂದ ವಿಮಾನ ನಿಲ್ದಾಣದ ಕಡೆಗೆ ನೇರವಾದ ಹಳಿ ಇಲ್ಲವೇ ಎಂದರೆ, ಅದು ಬಹಳ ಹಿಂದಿನಿಂದಲೂ ಇದೆ. ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣದಿಂದ ಯಲಹಂಕಕ್ಕೆ, ಅಲ್ಲಿಂದ ದೊಡ್ಡಜಾಲ, ದೇವನಹಳ್ಳಿ, ಚಿಕ್ಕಬಳ್ಳಾಪುರ, ಕೋಲಾರಗಳ ಮೂಲಕ ಬಂಗಾರಪೇಟೆಗೆ ಹೋಗುವ ಹಳಿ ವಿಮಾನ ನಿಲ್ದಾಣದ ಬೇಲಿಗೆ ಹತ್ತಿರದಲ್ಲೇ ಹಾದುಹೋಗುತ್ತದೆ. ಒಂದು ಕಾಲದಲ್ಲಿ ಇದೇ ನಿಲ್ದಾಣಕ್ಕೆ ಪ್ರತ್ಯೇಕ ಅತಿವೇಗದ ರೈಲಿನ ಯೋಜನೆ ಹಾಕಿ, ಅದಕ್ಕೆಂದೇ ಒಂದು ಸಂಸ್ಥೆಯನ್ನೂ ಕಟ್ಟಿ, ಕೊನೆಗೆ ಕೈಬಿಟ್ಟೆವು. ಪಕ್ಕದಲ್ಲಿ ಹಾದುಹೋಗುವ ಪ್ಯಾಸೆಂಜರ್ ರೈಲನ್ನು ಒಂದು ನಿಮಿಷ ನಿಲ್ಲಿಸಬಹುದು ಎಂಬ ಯೋಚನೆ ಕಾರ್ಯಕ್ಕೆ ಬಂದದ್ದು 2021ರ ಜನವರಿಯಲ್ಲಿ. ಅಂದು ತೆರೆದ ವಿಮಾನ ನಿಲ್ದಾಣದ ಹಾಲ್ಟ್ ಸ್ಟೇಷನ್ ಇಂದಿಗೂ ಈ ನಗರದ ಅತಿ ಅಗ್ಗದ ಮತ್ತು ಅತಿ ಕಡಿಮೆ ಬಳಕೆಯ ವಿಮಾನ ಸಂಪರ್ಕ. ಟ್ಯಾಕ್ಸಿಗೆ ಸಾವಿರ ರೂಪಾಯಿ ಕೊಡುವ ಊರಿನಲ್ಲಿ ರೈಲಿನ ಟಿಕೆಟಿಗೆ ಕೆಲವೇ ಹತ್ತು ರೂಪಾಯಿಗಳು ಸಾಕು. ಆದರೂ ಹತ್ತುವವರು ವಿರಳ.

ಏಕೆ ವಿರಳ ಎಂಬುದನ್ನು ತಿಳಿಯಲು ಯಾವ ಸಮೀಕ್ಷೆಯೂ ಬೇಕಿಲ್ಲ. ಯಲಹಂಕದಿಂದ ಆಚೆಗೆ ಒಂದೇ ಹಳಿ; ಎದುರಿನ ಗಾಡಿ ದಾಟುವವರೆಗೆ ಈ ಗಾಡಿ ನಿಲ್ಲಬೇಕು. ದಿನಕ್ಕೆ ಬೆರಳೆಣಿಕೆಯ ರೈಲುಗಳು, ಅವೂ ಚಿಕ್ಕಬಳ್ಳಾಪುರ, ಕೋಲಾರಗಳಿಂದ ಬೆಂಗಳೂರಿಗೆ ಕೆಲಸಕ್ಕೆ ಬಂದು ಹೋಗುವವರ ಹೊತ್ತಿಗೆ ಹೊಂದಿಸಿದವು. ಅದು ಸರಿಯೇ, ಆ ರೈಲುಗಳ ಮೇಲೆ ಮೊದಲ ಹಕ್ಕು ಅವರದು. ಹಾಲ್ಟ್‌ನಲ್ಲಿ ಇಳಿದ ಮೇಲೂ ಟರ್ಮಿನಲ್‌ಗೆ ಕೆಲವು ಕಿಲೋಮೀಟರ್ ಉಳಿದಿರುತ್ತದೆ, ಅದಕ್ಕೆ ಷಟಲ್ ಬಸ್ಸು ಬೇಕು. ವಿಮಾನ ಹಿಡಿಯಬೇಕಾದವನು ರೈಲು ಹತ್ತು ನಿಮಿಷ ತಡವಾದರೆ ಸಹಿಸುತ್ತಾನೆ. ತಡವಾದ ರೈಲಿನಿಂದ ಇಳಿದಾಗ ಬಸ್ಸು ಅಲ್ಲಿ ನಿಂತಿರುತ್ತದೋ ಇಲ್ಲವೋ ಎಂಬ ಅನುಮಾನವನ್ನು ಮಾತ್ರ ಅವನು ಸಹಿಸಲಾರ. ಆ ಅನುಮಾನ ಒಂದೇ ಸಾಕು, ಅವನು ಮನೆಯಿಂದಲೇ ಕ್ಯಾಬ್ ಕರೆಸುತ್ತಾನೆ.

ಇಲ್ಲಿ ಕೋಟಿಗಳ ಕಾಮಗಾರಿ ಬೇಕಿಲ್ಲ. ಷಟಲ್ ಬಸ್ಸಿನ ವೇಳಾಪಟ್ಟಿಯನ್ನು ರೈಲಿನ ವೇಳಾಪಟ್ಟಿಗೆ ಕಟ್ಟಿಹಾಕಿ, ರೈಲು ತಡವಾದರೆ ಬಸ್ಸು ಕಾಯಲೇಬೇಕು ಎಂಬ ಲಿಖಿತ ನಿಯಮ ಮಾಡಬೇಕು. ಕಾಯುವ ಬಸ್ಸಿನ ಚಾಲಕನಿಗೆ ಯಲಹಂಕದಿಂದಲೇ ರೈಲು ಹೊರಟ ಸುದ್ದಿ ತಲುಪಬೇಕು. ಷಟಲ್‌ಗೆ ಪ್ರತ್ಯೇಕ ಟಿಕೆಟ್ ಇರಬಾರದು. ಟರ್ಮಿನಲ್‌ನಿಂದ ಹಾಲ್ಟ್‌ಗೆ ಹೋಗುವವರಿಗೆ ಮುಂದಿನ ರೈಲು ಎಷ್ಟು ಹೊತ್ತಿಗೆ, ಅದಕ್ಕೆ ಬಸ್ಸು ಎಷ್ಟು ಹೊತ್ತಿಗೆ ಎಂಬ ಫಲಕ ಕನ್ವೇಯರ್ ಬೆಲ್ಟಿನ ಬಳಿಯೇ ಕಾಣಬೇಕು. ಕೊಚ್ಚಿಯಲ್ಲಿ ಮೆಟ್ರೋ ಹಳಿ ವಿಮಾನ ನಿಲ್ದಾಣವನ್ನು ಮುಟ್ಟದಿದ್ದರೂ ಆಲುವಾ ನಿಲ್ದಾಣದಿಂದ ಸಂಪರ್ಕ ಬಸ್ಸುಗಳನ್ನು ಓಡಿಸಿ ಕೊರತೆಯನ್ನು ತುಂಬಿಕೊಂಡಿದ್ದಾರೆ. ಅವರಿಗೆ ಸಾಧ್ಯವಾದ ಹೊಂದಾಣಿಕೆ ಇಲ್ಲಿ ಸಾಧ್ಯವಾಗದಿರಲು ಕಾರಣ ಕಾಣದು, ನಡುವೆ ಇಬ್ಬರ ಬದಲು ಮೂವರು ಮಾಲೀಕರಿದ್ದಾರೆ ಎಂಬುದನ್ನು ಬಿಟ್ಟರೆ.

ಇದು ತಾತ್ಕಾಲಿಕ ಪರಿಹಾರ ಎಂಬುದು ನಮಗೂ ಗೊತ್ತು. ಶಾಶ್ವತ ಪರಿಹಾರದ ಹೆಸರು ಸಂಪಿಗೆ. ಉಪನಗರ ರೈಲು ಯೋಜನೆಯ ನಾಲ್ಕು ಮಾರ್ಗಗಳಲ್ಲಿ ಮೊದಲನೆಯದಾದ ಇದು ಮೆಜೆಸ್ಟಿಕ್‌ನಿಂದ ಯಲಹಂಕದ ಮೂಲಕ ದೇವನಹಳ್ಳಿಗೆ, ಸುಮಾರು 41 ಕಿ.ಮೀ. ಒಟ್ಟು 148 ಕಿ.ಮೀ.ಗಳ ಯೋಜನೆಗೆ 2020ರಲ್ಲಿ 15,767 ಕೋಟಿ ರೂಪಾಯಿಗೆ ಅನುಮೋದನೆ ಸಿಕ್ಕಿತು, 2022ರ ಜೂನ್‌ನಲ್ಲಿ ಪ್ರಧಾನಿಯವರು ಶಂಕುಸ್ಥಾಪನೆ ಮಾಡಿದರು. ಕೆಲಸ ಮೊದಲು ಶುರುವಾದದ್ದು ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರಕ್ಕೆ ಹೋಗುವ ಮಲ್ಲಿಗೆ ಮತ್ತು ಹೀಲಲಿಗೆಯಿಂದ ರಾಜಾನುಕುಂಟೆಗೆ ಹೋಗುವ ಕನಕ ಮಾರ್ಗಗಳಲ್ಲಿ. ಅವುಗಳ ಅಗತ್ಯವನ್ನು ಅಲ್ಲಗಳೆಯುವುದಿಲ್ಲ. ಆದರೆ ನೀಲಿ ಮೆಟ್ರೋ ಹೇಗೂ ವಿಮಾನ ನಿಲ್ದಾಣಕ್ಕೆ ಹೋಗುತ್ತದೆ, ಹಾಗಾಗಿ ಸಂಪಿಗೆ ನಿಧಾನವಾದರೂ ಆದೀತು ಎಂಬ ತರ್ಕವೊಂದು ಆಗಾಗ ಕೇಳಿಬರುತ್ತದೆ. ಅದನ್ನು ಪ್ರಾಧಿಕಾರ ಒಪ್ಪಬಾರದು. ನೀಲಿ ಮಾರ್ಗ ಪೂರ್ವ ಬೆಂಗಳೂರಿನದು. ಸಂಪಿಗೆ ಪಶ್ಚಿಮ ಬೆಂಗಳೂರಿನದು ಮತ್ತು ಹೊರ ಜಿಲ್ಲೆಗಳದು. ಒಂದು ಬಂದರೆ ಇನ್ನೊಂದು ಬೇಡವಾಗುವುದಿಲ್ಲ. ಸಂಪಿಗೆ ಪೂರ್ಣವಾಗುವವರೆಗೆ ಯಲಹಂಕ–ದೇವನಹಳ್ಳಿ ನಡುವಿನ ಒಂಟಿ ಹಳಿಯನ್ನು ಜೋಡಿ ಮಾಡಿಸಲು ರೈಲ್ವೆಯ ಮೇಲೆ ರಾಜ್ಯ ಸರ್ಕಾರ ಒತ್ತಡ ತರಬೇಕು.

ಹೆಸರಿನ ವಿಚಾರದಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ನೀಲಿ ಮಾರ್ಗದಲ್ಲಿ ಯಲಹಂಕ ಎಂಬ ನಿಲ್ದಾಣ ಬರುತ್ತದೆ. ಅದು ಇರುವುದು ಬಳ್ಳಾರಿ ರಸ್ತೆಯ ಕೋಗಿಲು ಕ್ರಾಸ್ ಕಡೆ. ಯಲಹಂಕ ರೈಲ್ವೆ ಜಂಕ್ಷನ್ ಇರುವುದು ಊರೊಳಗೆ, ಪೆಟ್ಟಿಗೆ ಎಳೆದುಕೊಂಡು ನಡೆಯುವಷ್ಟು ಹತ್ತಿರವಂತೂ ಅಲ್ಲ. ಹಿಂದೂಪುರದ ರೈಲಿನಲ್ಲಿ ಬಂದು ಜಂಕ್ಷನ್‌ನಲ್ಲಿ ಇಳಿದವನು ಮೆಟ್ರೋ ಇಲ್ಲೇ ಪಕ್ಕದಲ್ಲಿ ಇರಬಹುದೆಂದು ನಂಬಿ ಆಟೋದವನ ಕೈಗೆ ಸಿಕ್ಕಿಬೀಳುವುದು ಖಂಡಿತ. ಎರಡರ ನಡುವೆ ಹತ್ತು ನಿಮಿಷಕ್ಕೊಂದು ಫೀಡರ್ ಬಸ್ಸನ್ನು ಮೊದಲ ದಿನದಿಂದಲೇ ಓಡಿಸಬೇಕು. ಕೆ.ಆರ್. ಪುರದಲ್ಲಿ ಸ್ಥಿತಿ ಇದಕ್ಕೆ ತಿರುಗುಮುರುಗು: ಅಲ್ಲಿ ಮೆಟ್ರೋ ನಿಲ್ದಾಣವೂ ರೈಲು ನಿಲ್ದಾಣವೂ ತೂಗು ಸೇತುವೆಯ ಅಕ್ಕಪಕ್ಕದಲ್ಲೇ ಇವೆ. ಚೆನ್ನೈ ಕಡೆಯಿಂದ ಬರುವ ಎಷ್ಟೋ ರೈಲುಗಳು ಅಲ್ಲಿ ನಿಲ್ಲುತ್ತವೆ. ಪ್ಲಾಟ್‌ಫಾರ್ಮಿನಿಂದ ಪ್ಲಾಟ್‌ಫಾರ್ಮಿಗೆ ಒಂದು ನೆರಳಿನ ಕಾಲುದಾರಿ ಕೊಟ್ಟರೆ ಸಾಕು, ಕೋಲಾರ ಮತ್ತು ಬಂಗಾರಪೇಟೆಯವರಿಗೆ ವಿಮಾನ ನಿಲ್ದಾಣ ಒಂದೇ ಬದಲಾವಣೆಯ ದೂರದಲ್ಲಿರುತ್ತದೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತು ನೋಡಬೇಕಾದ ಜಾಗ ಹೆಬ್ಬಾಳ. ಸದಸ್ಯರು ಒಂದು ಸಂಜೆ ಆರು ಗಂಟೆಯ ಹೊತ್ತಿಗೆ, ಬೆಂಗಾವಲು ವಾಹನಗಳನ್ನು ದೂರದಲ್ಲಿ ಬಿಟ್ಟು, ಎಸ್ಟೀಮ್ ಮಾಲ್ ಎದುರಿನ ಬಸ್ ತಂಗುದಾಣದಲ್ಲಿ ಅರ್ಧ ಗಂಟೆ ನಿಲ್ಲಬೇಕೆಂದು ವಿನಂತಿ. ಯಲಹಂಕದ ಬಸ್ಸು, ದೊಡ್ಡಬಳ್ಳಾಪುರದ ಬಸ್ಸು, ಚಿಕ್ಕಬಳ್ಳಾಪುರದ ಬಸ್ಸು, ಹಿಂದೂಪುರ ಅನಂತಪುರ ಎಂದು ಕೂಗುವ ಬಸ್ಸು, ಕಂಪನಿಗಳ ಗಾಡಿಗಳು, ಆಟೋಗಳು ಎಲ್ಲವೂ ಅದೇ ಸರ್ವಿಸ್ ರಸ್ತೆಯಲ್ಲಿ ಒಂದರ ಹಿಂದೆ ಒಂದು, ಕೆಲವೊಮ್ಮೆ ಒಂದರ ಪಕ್ಕ ಒಂದು ನಿಲ್ಲುತ್ತವೆ. ವಾಯು ವಜ್ರಕ್ಕೆ ಗುರುತಿಸಿದ ಜಾಗ ಕಂಡರೂ ಬಸ್ಸು ಅಲ್ಲಿಗೆ ಬರಲಾಗದೆ ಎರಡನೆಯ ಸಾಲಿನಲ್ಲಿ ನಿಲ್ಲುತ್ತದೆ. ಪ್ರಯಾಣಿಕ ಎರಡು ಬಸ್ಸುಗಳ ನಡುವಿನ ಸಂದಿಯಲ್ಲಿ ನುಗ್ಗಬೇಕು, ಅಷ್ಟರಲ್ಲಿ ಸೂಟ್‌ಕೇಸಿನ ಗಾಲಿ ಚರಂಡಿಯ ಚಪ್ಪಡಿ ಸಂದಿಗೆ ಸಿಕ್ಕಿಕೊಂಡಿರುತ್ತದೆ. ಕಂಡಕ್ಟರ್ ಸೀಟಿ ಊದಿದರೆ ಇನ್ನೊಂದು ಬಸ್ಸಿಗೆ ಕಾಯಬೇಕು. ಮಳೆ ಬಂದರೆ ಮೇಲ್ಸೇತುವೆಯ ಅಡಿ ಸೇರುವುದಲ್ಲದೆ ಬೇರೆ ಆಸರೆ ಇಲ್ಲ. ಪಕ್ಕದಲ್ಲೇ ರೈಲು ಹಳಿ, ತಲೆಯ ಮೇಲೆ ಮೇಲ್ಸೇತುವೆಯ ರ‍್ಯಾಂಪುಗಳು. ನಾಳೆ ಅಲ್ಲಿಗೆ ನೀಲಿ ಮೆಟ್ರೋ ಬರುತ್ತದೆ; ಮೂರನೆಯ ಹಂತದ ಕಿತ್ತಳೆ ಮಾರ್ಗ ಜೆ.ಪಿ. ನಗರದಿಂದ ಬಂದು ಸಮೀಪದ ಕೆಂಪಾಪುರದಲ್ಲಿ ಮುಗಿಯುತ್ತದೆ. ಸರ್ಜಾಪುರದಿಂದ ಹೆಬ್ಬಾಳಕ್ಕೆ ಮತ್ತೊಂದು ಮಾರ್ಗದ ಪ್ರಸ್ತಾವವಿದೆ. ಮಲ್ಲಿಗೆ ಮಾರ್ಗವೂ ಹೆಬ್ಬಾಳದ ರೈಲು ನಿಲ್ದಾಣದ ಮೂಲಕವೇ ಹಾದುಹೋಗುತ್ತದೆ.

ಇಷ್ಟು ಮಾರ್ಗಗಳು ಒಂದೆಡೆ ಸೇರುವ ಜಾಗ ಮೆಜೆಸ್ಟಿಕ್ ಬಿಟ್ಟರೆ ಈ ನಗರದಲ್ಲಿ ಇನ್ನೊಂದಿಲ್ಲ. ಹೆಬ್ಬಾಳದಲ್ಲಿ ಬಹುಸಾರಿಗೆ ಕೇಂದ್ರಕ್ಕೆಂದು ಮೆಟ್ರೋ ನಿಗಮ ಭೂಮಿ ಕೇಳಿರುವುದು ಸಾರ್ವಜನಿಕರಿಗೆ ತಿಳಿದ ವಿಷಯ. ಆ ಭೂಮಿಯ ತೀರ್ಮಾನ ಬೇಗ ಆಗಬೇಕು, ಮತ್ತು ಅದರ ಮೊದಲ ಬಳಕೆ ವಾಣಿಜ್ಯ ಕಟ್ಟಡಕ್ಕಾಗದೆ ಬಸ್ಸುಗಳು ನಿಲ್ಲುವ ಅಂಗಳಕ್ಕೆ, ಮೆಟ್ರೋದಿಂದ ರೈಲಿಗೆ ಹೋಗುವ ಕಾಲುದಾರಿಗೆ ಆಗಬೇಕು. ಕೇಂದ್ರ ಕಟ್ಟಿ ಮುಗಿಯಲು ವರ್ಷಗಳು ಹಿಡಿಯುತ್ತವೆ ಎನ್ನುವುದಾದರೆ, ವಾಯು ವಜ್ರಕ್ಕೆ ಮಾತ್ರ ಮೀಸಲಾದ ಒಂದು ಅಂಕಣ, ಸಮತಟ್ಟಾದ ನೆಲ, ಒಂದು ಸೂರು, ಒಬ್ಬ ಸಂಚಾರಿ ಪೊಲೀಸ್ ಇವನ್ನು ಈ ತಿಂಗಳಲ್ಲೇ ಕೊಡಬಹುದು.

ಹೆಬ್ಬಾಳಕ್ಕೆ ಖರ್ಚೇ ಮಾಡಿಲ್ಲ ಎಂದು ಯಾರೂ ಹೇಳಲಾರರು. ಖರ್ಚಾದದ್ದೆಲ್ಲ ಕಾರುಗಳಿಗಾಗಿ. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಸೇತುವೆ ಕಟ್ಟಲು ಹೊರಟಾಗ 2016ರ ಅಕ್ಟೋಬರ್‌ನಲ್ಲಿ ಸಾವಿರಾರು ನಾಗರಿಕರು ಮಾನವ ಸರಪಳಿ ಕಟ್ಟಿ ನಿಂತರು, ಮುಂದಿನ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಹಿಂದಕ್ಕೆ ಪಡೆಯಿತು. ಅದಾದ ಮೇಲೂ ಹೊಸ ಲೂಪು, ಹೊಸ ರ‍್ಯಾಂಪು, ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುರಂಗ ರಸ್ತೆ ಎಂದು ಮಾತು ಮುಂದುವರಿದಿದೆ. ಸುರಂಗದ ಪರ ವಿರೋಧಗಳನ್ನು ಚರ್ಚಿಸಲು ಈ ಪತ್ರ ಬರೆಯುತ್ತಿಲ್ಲ. ಆದರೆ ಅದರ ಅಂದಾಜಿನ ಅತಿ ಸಣ್ಣ ಪಾಲಿನಲ್ಲಿ ಹೆಬ್ಬಾಳದ ಬಸ್ ತಂಗುದಾಣ ಮನುಷ್ಯರು ನಿಲ್ಲುವಂತಾಗುತ್ತದೆ ಎಂಬುದು ದಾಖಲಾಗಲಿ.

ಇನ್ನು ವೇಳೆಯ ವಿಷಯ. ವಿಮಾನ ನಿಲ್ದಾಣ ಮಲಗುವುದಿಲ್ಲ. ದೇಶೀಯ ವಿಮಾನಗಳ ಮೊದಲ ದೊಡ್ಡ ಅಲೆ ಬೆಳಗಿನ ಜಾವ ಐದರಿಂದ ಎಂಟರೊಳಗೆ ಹೊರಡುತ್ತದೆ; ಹೊರದೇಶದ ಎಷ್ಟೋ ವಿಮಾನಗಳು ನಡುರಾತ್ರಿಯ ಆಚೀಚೆ ಬಂದು ಹೋಗುತ್ತವೆ. ಐದೂವರೆಯ ವಿಮಾನಕ್ಕೆ ನಾಲ್ಕು ಗಂಟೆಯೊಳಗೆ ಟರ್ಮಿನಲ್‌ನಲ್ಲಿ ಇರಬೇಕು, ಎಂದರೆ ಬನಶಂಕರಿಯ ಮನೆಯಿಂದ ಎರಡೂವರೆಗೆ ಹೊರಡಬೇಕು. ನಮ್ಮ ಮೆಟ್ರೋ ಸಾಮಾನ್ಯ ದಿನಗಳಲ್ಲಿ ಓಡಲು ಶುರುವಾಗುವುದೇ ಬೆಳಗ್ಗೆ ಐದಕ್ಕೆ. ಈಗಿನ ವೇಳೆಯನ್ನೇ ನೀಲಿ ಮಾರ್ಗಕ್ಕೂ ಹಚ್ಚಿದರೆ, ಸಾವಿರಾರು ಕೋಟಿ ಸುರಿದು ಕಟ್ಟಿದ ಮೆಟ್ರೋ, ವಿಮಾನ ನಿಲ್ದಾಣಕ್ಕೆ ಅತಿ ಹೆಚ್ಚು ಜನ ಹೊರಡುವ ಹೊತ್ತಿನಲ್ಲಿ ಡಿಪೋದಲ್ಲಿ ನಿಂತಿರುತ್ತದೆ. ಹಳಿಗಳ ನಿರ್ವಹಣೆಗೆ ರಾತ್ರಿ ಕೆಲವು ಗಂಟೆಗಳ ಬಿಡುವು ಬೇಕು ಎಂಬುದು ನಿಜ. ದೆಹಲಿಯ ವಿಮಾನ ನಿಲ್ದಾಣದ ಎಕ್ಸ್‌ಪ್ರೆಸ್ ಮಾರ್ಗವೂ ರಾತ್ರಿಯಿಡೀ ಓಡುವುದಿಲ್ಲ, ಆದರೂ ಐದಕ್ಕೆ ಮೊದಲೇ ಹೊರಡುತ್ತದೆ. ಊರಿಗೆ ಹೋಗಿ ಭಾನುವಾರದ ರಾತ್ರಿ ಬಸ್ಸಿನಲ್ಲಿ ಹಿಂದಿರುಗುವವರಿಗೆ ಅನುಕೂಲವಾಗಲೆಂದು 2025ರ ಜನವರಿಯಿಂದ ಸೋಮವಾರಗಳಂದು ಮೆಟ್ರೋವನ್ನು 4.15ಕ್ಕೇ ಶುರು ಮಾಡಿದವರು ನಮ್ಮವರೇ. ಸೋಮವಾರ ಸಾಧ್ಯವಾದದ್ದು ನೀಲಿ ಮಾರ್ಗದಲ್ಲಿ ವಾರವಿಡೀ ಸಾಧ್ಯವಾಗಬೇಕು. ಅದಕ್ಕೆ ಬೇಕಾದ ಡಿಪೋ ವ್ಯವಸ್ಥೆ, ಸಿಬ್ಬಂದಿಯ ಪಾಳಿ, ನಿರ್ವಹಣೆಯ ಅವಧಿಯನ್ನು ಮಾರ್ಗ ತೆರೆಯುವ ಮೊದಲೇ ತೀರ್ಮಾನಿಸಬೇಕು.

ಉಳಿದ ಗಂಟೆಗಳಿಗೆ ಬಸ್ಸೇ ಗತಿ. ಇಲ್ಲಿ ಬಿಎಂಟಿಸಿಗೆ ಒಂದು ಮಾತು ಹೇಳಲೇಬೇಕು. ನಿಲ್ದಾಣ ತೆರೆದಂದಿನಿಂದ ಈ ನಗರದ ಮರ್ಯಾದೆ ಕಾಪಾಡಿರುವುದು ವಾಯು ವಜ್ರ. ಮೆಜೆಸ್ಟಿಕ್‌ನ ಕೆಐಎಎಸ್-9, ಎಲೆಕ್ಟ್ರಾನಿಕ್ ಸಿಟಿಯ ಕೆಐಎಎಸ್-8 ಎಂಬ ಸಂಖ್ಯೆಗಳು ವಿಮಾನ ಏರುವವರಿಗೆ ಬಾಯಿಪಾಠ. ಮೆಟ್ರೋ ಬಂದ ಕೂಡಲೇ ಲಾಭ ನಷ್ಟದ ಲೆಕ್ಕ ಹಾಕಿ ಈ ಬಸ್ಸುಗಳನ್ನು ಕಡಿತ ಮಾಡುವ ಆಲೋಚನೆ ಬರಬಹುದು. ಕಡಿತದ ಬದಲು ಮಾರ್ಗಗಳನ್ನು ಮರುಹೊಂದಿಸಬೇಕು: ಮೆಟ್ರೋ ಓಡುವ ಹೊತ್ತಿನಲ್ಲಿ ನೀಲಿ ಮಾರ್ಗ ತಲುಪದ ವಿಜಯನಗರ, ನಾಗರಭಾವಿ, ಪೀಣ್ಯ, ಕೆಂಗೇರಿ, ಬನಶಂಕರಿ ಕಡೆಗೆ ಹೆಚ್ಚು ಬಸ್ಸು, ಮೆಟ್ರೋ ನಿಂತ ಹೊತ್ತಿನಲ್ಲಿ ನೀಲಿ ಮಾರ್ಗದ ಗುಂಟವೇ, ಅದೇ ನಿಲ್ದಾಣಗಳ ಕೆಳಗೆ ನಿಲ್ಲುತ್ತ, ಅದೇ ಟಿಕೆಟಿನಲ್ಲಿ ಕರೆದೊಯ್ಯುವ ರಾತ್ರಿ ಬಸ್ಸು. ರಾತ್ರಿ ಎರಡು ಗಂಟೆಗೆ ಒಂಟಿಯಾಗಿ ಇಳಿಯುವ ಹೆಣ್ಣುಮಗಳು ಬಸ್ಸಿನಿಂದ ಇಳಿದ ಜಾಗದಲ್ಲಿ ದೀಪವಿರಬೇಕು, ಆಟೋ ಪ್ರೀಪೇಯ್ಡ್ ಕೌಂಟರ್ ತೆರೆದಿರಬೇಕು.

ವಿಮಾನ ನಿಲ್ದಾಣವೆಂದರೆ ವಿಮಾನ ಹತ್ತುವವರದ್ದು ಮಾತ್ರ ಎಂಬ ಭಾವನೆ ನಮ್ಮ ಎಲ್ಲ ಯೋಜನೆಗಳ ಒಳಗೂ ಕೂತಿದೆ. ಅಲ್ಲಿ ನೆಲ ಒರೆಸುವವರು, ಟ್ರಾಲಿ ಜೋಡಿಸುವವರು, ಕಾಫಿ ಅಂಗಡಿಯ ಹುಡುಗರು, ಸರಕು ವಿಭಾಗದ ಹಮಾಲರು, ಸೆಕ್ಯುರಿಟಿಯವರು ದಿನಕ್ಕೆ ಮೂರು ಪಾಳಿಯಲ್ಲಿ ಬಂದು ಹೋಗುತ್ತಾರೆ. ಪ್ರಯಾಣಿಕ ವರ್ಷಕ್ಕೆ ಎರಡೋ ನಾಲ್ಕೋ ಬಾರಿ ಹೋಗುವ ದಾರಿಯಲ್ಲಿ ಇವರು ವಾರಕ್ಕೆ ಆರು ದಿನ ಓಡಾಡುತ್ತಾರೆ. ವಾಯು ವಜ್ರದ ದರ ಇವರ ಕೈಗೆ ಎಟುಕದು. 2023ರ ಜೂನ್‌ನಲ್ಲಿ ಜಾರಿಯಾದ ಶಕ್ತಿ ಯೋಜನೆ ಸಾಮಾನ್ಯ ಬಸ್ಸುಗಳಿಗೆ ಅನ್ವಯ, ವಾಯು ವಜ್ರಕ್ಕೆ ಅಲ್ಲ. ಹೀಗಾಗಿ ಸ್ವಚ್ಛತೆಯ ಕೆಲಸಕ್ಕೆ ಬರುವ ಮಹಿಳೆ ದೇವನಹಳ್ಳಿ ಕಡೆಯ ಸಾಮಾನ್ಯ ಬಸ್ಸು ಹಿಡಿದು ಹೆದ್ದಾರಿಯಲ್ಲಿ ಇಳಿದರೆ, ಅಲ್ಲಿಂದ ಟ್ರಂಪೆಟ್ ತಿರುವಿನ ಮೂಲಕ ಟರ್ಮಿನಲ್‌ವರೆಗಿನ ದೂರ ಅವಳದೇ ಹೊಣೆ. ಪಾಳಿ ಬದಲಾಗುವ ವೇಳೆಗೆ ಹೊಂದಿಕೊಂಡು ಯಲಹಂಕ, ಬಾಗಲೂರು, ದೇವನಹಳ್ಳಿ, ದೊಡ್ಡಬಳ್ಳಾಪುರ, ವಿಜಯಪುರಗಳಿಂದ ಟರ್ಮಿನಲ್‌ವರೆಗೆ ಹೋಗುವ ಸಾಮಾನ್ಯ ಬಸ್ಸುಗಳು ಬೇಕು, ಅವುಗಳಿಗೆ ಆವರಣದ ಒಳಗೆ ಪ್ರವೇಶ ಬೇಕು, ಮೆಟ್ರೋದಲ್ಲಿ ಇವರಿಗೆ ತಿಂಗಳ ಪಾಸು ಬೇಕು. ಈ ಸಂಪರ್ಕಕ್ಕೆ ಖಾಯಂ ಗಿರಾಕಿಗಳು ಯಾರೆಂದು ಕೇಳಿದರೆ, ಇವರೇ.

ದರದ ವಿಷಯದಲ್ಲಿ ದೆಹಲಿಯ ಪಾಠ ಕಣ್ಣ ಮುಂದಿದೆ. ಅಲ್ಲಿಯ ಎಕ್ಸ್‌ಪ್ರೆಸ್ ಮಾರ್ಗ 2011ರ ಫೆಬ್ರವರಿಯಲ್ಲಿ ಖಾಸಗಿ ಸಹಭಾಗಿತ್ವದಲ್ಲಿ ಶುರುವಾಯಿತು. ತಾಂತ್ರಿಕ ದೋಷದಿಂದ 2012ರ ಜುಲೈನಿಂದ ತಿಂಗಳುಗಟ್ಟಲೆ ನಿಂತಿತು. 2013ರಲ್ಲಿ ಖಾಸಗಿ ಸಂಸ್ಥೆ ಹೊರನಡೆದು ದೆಹಲಿ ಮೆಟ್ರೋ ನಿಗಮವೇ ಅದನ್ನು ವಹಿಸಿಕೊಂಡಿತು. ದರ ದುಬಾರಿಯಾಗಿದ್ದಷ್ಟು ಕಾಲ ಬೋಗಿಗಳು ಖಾಲಿ ಓಡಿದವು; ದರ ಇಳಿಸಿದ ಮೇಲೆ ಜನ ಬಂದರು. ನಮ್ಮಲ್ಲಿ 2025ರ ಫೆಬ್ರವರಿಯ ಏರಿಕೆಯ ನಂತರ ಮೆಟ್ರೋದ ಗರಿಷ್ಠ ದರ 90 ರೂಪಾಯಿಯಾಗಿದೆ, ಅದರ ಬಿಸಿ ನಗರಕ್ಕೆ ಇನ್ನೂ ಆರಿಲ್ಲ. ವಿಮಾನ ನಿಲ್ದಾಣ ಎಂಬ ಕಾರಣಕ್ಕೆ ನೀಲಿ ಮಾರ್ಗದ ಕೊನೆಯ ಎರಡು ನಿಲ್ದಾಣಗಳಿಗೆ ವಿಶೇಷ ಶುಲ್ಕ ಸೇರಿಸುವ ಯೋಚನೆ ಯಾರಿಗಾದರೂ ಇದ್ದರೆ ಅದನ್ನು ಈಗಲೇ ಬಿಡಬೇಕು. ಮೂವರು ಒಟ್ಟಿಗೆ ಹೊರಟಾಗ ಮೆಟ್ರೋ, ಆಟೋ, ಲಗೇಜು ಶುಲ್ಕ ಎಲ್ಲ ಕೂಡಿಸಿದರೂ ಕ್ಯಾಬಿನ ಅರ್ಧ ದಾಟಬಾರದು. ದಾಟಿದರೆ ಅವರು ಕ್ಯಾಬನ್ನೇ ಹತ್ತುತ್ತಾರೆ.

ಲಗೇಜು ಎಂದಾಗ: ಮೆಟ್ರೋದ ಈಗಿನ ನಿಯಮದಲ್ಲಿ ಚೀಲದ ಗಾತ್ರಕ್ಕೂ ತೂಕಕ್ಕೂ ಮಿತಿ ಇದೆ. ವಿಮಾನ ಕಂಪನಿ ಒಪ್ಪುವ ಪೆಟ್ಟಿಗೆಯನ್ನು ಮೆಟ್ರೋ ಒಪ್ಪದೆ ಹೋದರೆ ಈ ಮಾರ್ಗದ ಉದ್ದೇಶವೇ ಕೆಡುತ್ತದೆ. ನಿಯಮ ತಿದ್ದಿ, ಬೋಗಿಯಲ್ಲಿ ಪೆಟ್ಟಿಗೆ ಇಡುವ ಜಾಗ ಮಾಡಿ, ತಪಾಸಣೆಯ ಯಂತ್ರದ ಮುಂದೆ ದೊಡ್ಡ ಪೆಟ್ಟಿಗೆಯವರಿಗೆ ಬೇರೆ ಸಾಲು ಕೊಡಬೇಕು.

ಹೊರ ಜಿಲ್ಲೆಗಳ ವಿಷಯವನ್ನು ಚಿಕ್ಕದಾಗಿ ಹೇಳುತ್ತೇವೆ. ಮೈಸೂರಿನವರಿಗೆ ಫ್ಲೈ ಬಸ್ ಇದೆ, ಅದು ಒಳ್ಳೆಯ ಸೇವೆ. ತುಮಕೂರಿನವರೂ ಕೋಲಾರದವರೂ ಬೆಂಗಳೂರಿನ ಒಳಹೊಕ್ಕು ಮತ್ತೆ ಹೊರಬರಬೇಕಾದ ಅಗತ್ಯವಿಲ್ಲ. ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳನ್ನು ಕೂಡಿಸುವ ಹೆದ್ದಾರಿ ಈಗ ತೆರೆದಿದೆ. ಅದರ ಮೇಲೆ ಗಂಟೆಗೊಂದು ಬಸ್ಸು ಓಡಿಸಿದರೆ ಹೆಬ್ಬಾಳದ ಭಾರವೂ ಅಷ್ಟರ ಮಟ್ಟಿಗೆ ಇಳಿಯುತ್ತದೆ.

ಇದಕ್ಕೆಲ್ಲ ಬಿಐಎಎಲ್ ಒಪ್ಪಬೇಕಲ್ಲ ಎಂಬ ಮಾತು ಬರುತ್ತದೆ. ಖಾಸಗಿ ನಿರ್ವಹಣೆಯ ವಿಮಾನ ನಿಲ್ದಾಣಕ್ಕೆ ಪಾರ್ಕಿಂಗು, ಟ್ಯಾಕ್ಸಿ ಪರವಾನಗಿಗಳಿಂದ ಆದಾಯವಿರುತ್ತದೆ, ಹಾಗಾಗಿ ಬಸ್ಸು ರೈಲುಗಳ ಬಗ್ಗೆ ಉತ್ಸಾಹ ತಾನಾಗಿ ಹುಟ್ಟುವುದಿಲ್ಲ. ಹಾಗೆಂದು ಸರ್ಕಾರ ಅಲ್ಲಿ ಬರೀ ಅರ್ಜಿದಾರನಲ್ಲ. ರಾಜ್ಯದ ಕೈಗಾರಿಕಾ ಅಭಿವೃದ್ಧಿ ನಿಗಮವಾದ ಕೆಎಸ್‌ಐಐಡಿಸಿಗೆ ಮತ್ತು ಕೇಂದ್ರದ ವಿಮಾನ ನಿಲ್ದಾಣ ಪ್ರಾಧಿಕಾರಕ್ಕೆ ತಲಾ ಶೇ 13ರಷ್ಟು ಪಾಲಿದೆ. ಬಿಐಎಎಲ್ ಹಾಲ್ಟ್ ನಿಲ್ದಾಣ ಕಟ್ಟಿಕೊಟ್ಟಿದೆ, ಆವರಣದ ಮೆಟ್ರೋ ನಿಲ್ದಾಣಗಳಿಗೂ ಹಣ ಹಾಕುತ್ತಿದೆ ಎಂಬುದನ್ನು ನ್ಯಾಯವಾಗಿ ಒಪ್ಪಬೇಕು. ಇನ್ನು ಬೇಕಿರುವುದು ಆಗಮನದ ದ್ವಾರದಲ್ಲಿ ಸ್ವಲ್ಪ ಜಾಗ: ಕಣ್ಣಿಗೆ ಮೊದಲು ಬೀಳುವ ಫಲಕ ಟ್ಯಾಕ್ಸಿಯದ್ದಾಗದೆ ಬಸ್ಸು, ರೈಲು, ಮೆಟ್ರೋಗಳದ್ದಾಗಬೇಕು, ಕನ್ನಡದಲ್ಲಿಯೂ ಎದ್ದು ಕಾಣಬೇಕು.

ಎರಡನೆಯ ವಿಮಾನ ನಿಲ್ದಾಣಕ್ಕಾಗಿ ಕನಕಪುರ ರಸ್ತೆಯ ಕಡೆ, ನೆಲಮಂಗಲ–ಕುಣಿಗಲ್ ಕಡೆ ಜಾಗ ನೋಡಲಾಗುತ್ತಿದೆ. ಜಾಗ ಯಾವುದಾದರೂ ಆಗಲಿ, ಮೊದಲ ವಿಮಾನ ಇಳಿಯುವ ದಿನ ಅಲ್ಲಿ ಹಳಿಯೂ ಇರಬೇಕು ಎಂಬ ಷರತ್ತನ್ನು ಯೋಜನಾ ವರದಿಯಲ್ಲೇ ಬರೆಸುವ ಅವಕಾಶ ಇರುವುದು ಈಗ ಮಾತ್ರ.

ಆದ್ದರಿಂದ ನಮ್ಮ ಕೋರಿಕೆ ಹೀಗಿದೆ. ವಿಮಾನ ನಿಲ್ದಾಣದ ಸಂಪರ್ಕವನ್ನು ಪ್ರಾಧಿಕಾರದ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಪ್ರತ್ಯೇಕ ವಿಷಯವಾಗಿ ಸೇರಿಸಬೇಕು. ಮೇಲೆ ಹೆಸರಿಸಿದ ಎಲ್ಲ ಸಂಸ್ಥೆಗಳಿಂದ ಒಬ್ಬೊಬ್ಬ ಅಧಿಕಾರಿಯನ್ನು ಸೇರಿಸಿ, ಜೋಡಣೆಯ ಹೊಣೆ ಹೊರುವ ಒಬ್ಬ ಅಧಿಕಾರಿಯನ್ನು ಪ್ರಾಧಿಕಾರದಿಂದಲೇ ನೇಮಿಸಬೇಕು, ಅವರ ಹುದ್ದೆ ಮತ್ತು ಕಚೇರಿಯ ದೂರವಾಣಿ ಸಂಖ್ಯೆ ಸಾರ್ವಜನಿಕರಿಗೆ ಗೊತ್ತಿರಬೇಕು. ಹಾಲ್ಟ್ ನಿಲ್ದಾಣದ ರೈಲು ಮತ್ತು ಷಟಲ್‌ನ ಜಂಟಿ ವೇಳಾಪಟ್ಟಿಯನ್ನೂ ಹೆಬ್ಬಾಳ ತಂಗುದಾಣದ ತುರ್ತು ದುರಸ್ತಿಯನ್ನೂ ಮೂರು ತಿಂಗಳೊಳಗೆ ಮುಗಿಸಬೇಕು. ನೀಲಿ ಮಾರ್ಗದ ವೇಳೆ, ದರ, ಲಗೇಜು ನಿಯಮ ಮತ್ತು ರಾತ್ರಿ ಬಸ್ಸಿನ ಕರಡನ್ನು ಮಾರ್ಗ ತೆರೆಯುವ ಆರು ತಿಂಗಳು ಮೊದಲೇ ಕನ್ನಡದಲ್ಲಿ ಪ್ರಕಟಿಸಿ ಆಕ್ಷೇಪಣೆಗಳನ್ನು ಆಹ್ವಾನಿಸಬೇಕು. ಆ ಕರಡು ಹೊರಬಂದ ದಿನ ನಮ್ಮ ಲಿಖಿತ ಸಲಹೆಗಳನ್ನು ಸಲ್ಲಿಸಲು ಸಿದ್ಧರಿದ್ದೇವೆ.

ಇಂತಿ,
ಸಾರ್ವಜನಿಕ ಸಾರಿಗೆಯನ್ನು ನೆಚ್ಚಿಕೊಂಡಿರುವ ಬೆಂಗಳೂರಿನ ನಾಗರಿಕರ ಪರವಾಗಿ
ಒಬ್ಬ ಪ್ರಯಾಣಿಕ